ಎಷ್ಟು ಮುಟ್ಟಿತು?

ಹಳೇ ಬಂದರಿನ ನೀರುಳ್ಳಿ ಗೋದಾಮಿನ ಮಾಳಿಗೆಯಲ್ಲಿ ನಮ್ಮ ಆಫೀಸು.
ಬಾಡಿಗೆ ಕಡಿಮೆ, ವಾಸನೆ ಉಚಿತ.
ಮೂರು ವಾರದಿಂದ ನಾನು ಒಂದೇ ಕ್ಲಾಸು
ಬರೆಯುತ್ತಿದ್ದೇನೆ, ಹೊಡೆದು ಹಾಕುತ್ತಿದ್ದೇನೆ:
ಅರ್ಧದಲ್ಲಿ ನಿಂತ ಫೈಲು
ನಿಂತಲ್ಲಿಂದಲೇ ಮುಂದೆ ಹೋಗಬೇಕು.
ಇಷ್ಟೇ. ಹೇಳಲಿಕ್ಕೆ ಎಷ್ಟು ಸಣ್ಣದು.

ಆಂದ್ರೋತ್ ದ್ವೀಪದ ಆಸ್ಪತ್ರೆಯಿಂದ ಎದೆಯ ಸ್ಕ್ಯಾನು ಬರಬೇಕು,
ಇಲ್ಲಿ ಕಂಕನಾಡಿಯಲ್ಲಿ ಯಾರೋ ನೋಡಲಿಕ್ಕೆ.
ನಾನ್ನೂರು ಎಂಬಿ. ಅಲ್ಲಿ ನೆಟ್‌ವರ್ಕು ಗಾಳಿಯನ್ನು ಕೇಳಿ ನಡೆಯುವುದು.
ಶೇಕಡ ಅರುವತ್ತೊಂದಕ್ಕೆ ಬಂದು ಬೀಳುತ್ತದೆ.
ಮತ್ತೆ ಸೊನ್ನೆ.
ಅಲ್ಲಿನ ನರ್ಸು ಬರೆದದ್ದು ಎರಡೇ ಸಾಲು:
ನಿನ್ನೆ ಐದು ಸಲ.
ಇವತ್ತು ನನ್ನಿಂದ ಆಗುವುದಿಲ್ಲ.

ಮೊದಲಿಗೆ ಕ್ಲಾಸಿನೊಳಗೆ ಒಂದು ಅಂಕಿ ಇಟ್ಟಿದ್ದೆ, ಹೆಸರು 'ಕಳಿಸಿದ್ದು'.
ತುಂಡು ತುಂಡಾಗಿ ಕಳಿಸು, ತುಂಡಿಗೊಮ್ಮೆ ಅಂಕಿ ಏರಿಸು,
ಬಿದ್ದರೆ ಆ ಅಂಕಿ ಹಿಡಿದು ಏಳು.
ಪರೀಕ್ಷೆಗೆಂದು ವಿನ್ಸಿ ಕ್ರಾಸ್ತಾ ನಡುವೆ ತಂತಿ ಎಳೆದಳು.
ಫೈಲು ಬಂದು ಸೇರಿತು. ತೆರೆದರೆ
ಎದೆಯ ಮಧ್ಯೆ ಬೂದು ಪಟ್ಟಿ,
ಪಕ್ಕೆಲುಬು ಇರಬೇಕಾದಲ್ಲಿ ಏನೂ ಇಲ್ಲ.
ಯಾವ ತಪ್ಪೂ ತೋರಿಸಿರಲಿಲ್ಲ.
ಹೆದರಿಕೆ ಆದದ್ದು ಅದಕ್ಕೆ.

ಕಿಟಕಿಯ ಕೆಳಗೆ ಹಮ್ಮಬ್ಬ.
ಲಕ್ಷದ್ವೀಪದ ಮಂಜಿಗೆ ಮೂಟೆ ಏರುತ್ತಿದೆ.
ಗೋದಾಮಿನ ಬಾಗಿಲ ಮೇಲೆ ಸೀಮೆಸುಣ್ಣದ ಗೀಟು,
ನಾಲ್ಕು ನೆಟ್ಟಗೆ, ಐದನೆಯದು ಅಡ್ಡ.
ಹಲಗೆ ಜಾರಿತು. ಎರಡು ಮೂಟೆ
ನೀರಿಗೋ ಡೆಕ್ಕಿಗೋ, ಒಬ್ಬೊಬ್ಬರು ಒಂದೊಂದು ಹೇಳಿದರು.
ಹಮ್ಮಬ್ಬ ಬಾಗಿಲನ್ನು ನೋಡಲೇ ಇಲ್ಲ.
ಮಂಜಿಯ ಕಡೆ ತಿರುಗಿ, ಬರಿಗೈ ಎತ್ತಿ, ಕೂಗಿದರು:
"ಎಷ್ಟು ಮುಟ್ಟಿತು?"
ಅಲ್ಲಿಂದೊಂದು ಸಂಖ್ಯೆ ಬಂತು.
ಬೆರಳಿಗೆ ಉಗುಳು ತಾಗಿಸಿ ಎರಡು ಗೀಟು ಒರೆಸಿದರು.
ಮುಂದಿನ ಮೂಟೆ ಹೊರಟಿತು.

ಚಾದ ಹೊತ್ತಿಗೆ ಕೇಳಿದೆ,
ಹಾಗಾದರೆ ನಿಮ್ಮ ಲೆಕ್ಕಕ್ಕೆ ಬೆಲೆ ಇಲ್ಲವಾ?
"ಇದು ನಾನು ಕೊಟ್ಟದ್ದು ಮಾರಾಯ್ತಿ, ಅದು ಅವ ತಗೊಂಡದ್ದು.
ದುಡ್ಡು ಸಿಗುವುದು ಅದಕ್ಕೆ."
ಅವ ಮಾತೇ ಆಡದಿದ್ದರೆ?
"ಒಂದೂ ಮುಟ್ಟಲಿಲ್ಲ ಅಂತಲೋ, ನನ್ನ ಕೂಗೇ ಮುಟ್ಟಲಿಲ್ಲ ಅಂತಲೋ.
ಎರಡು ಒಂದೇ ಅಲ್ಲ."
ಮಳೆಗಾಲಕ್ಕೆ ಬಂದರು ಮುಚ್ಚಿದ ಮೇಲೆ?
ಅವರು ಗ್ಲಾಸು ತೊಳೆದಿಟ್ಟರು.
"ಆಗ ಎಂತ ಕೂಗುವುದು? ಹೊಸ ಚೀಟಿ, ಹೊಸ ಮಂಜಿ. ಒಂದರಿಂದ."

ಆ ರಾತ್ರಿ 'ಕಳಿಸಿದ್ದು' ಅಳಿಸಿದೆ.
ಈಗ ಬಿದ್ದು ಎದ್ದ ಕ್ಲಾಸು ತನ್ನ ನೆನಪನ್ನು ನಂಬುವುದಿಲ್ಲ;
ಒಳಗೆ ಏನೂ ಇಲ್ಲದ ಒಂದು ಕೋರಿಕೆ ಕಳಿಸಿ ಕಾಯುತ್ತದೆ.
ಆಚೆಯಿಂದ ಬರುವುದು ಕೊನೆಗೆ ಮುಟ್ಟಿದ ಬೈಟಿನ ನಂಬರು,
ಹೊರಡಬೇಕಾದ್ದು ಅದರ ಮುಂದಿನದು
(ಆ ಒಂದರಲ್ಲಿ ನನ್ನ ಇಡೀ ಶನಿವಾರ ಹೋಗಿದೆ).
ಏನೂ ಮುಟ್ಟದಿದ್ದರೆ ಸರ್ವರು ಸೊನ್ನೆ ಎನ್ನುವುದಿಲ್ಲ,
ಆ ಸಾಲನ್ನೇ ಬರೆಯದೆ ಬಿಡುತ್ತದೆ.
ಆ ಮೌನಕ್ಕೆ ಒಂದು ಹೆಸರಿಟ್ಟೆ,
ಲೈನು ಸತ್ತ ಮೌನಕ್ಕೆ ಇನ್ನೊಂದು.
ಅವಧಿ ಮುಗಿದ ಸೆಷನ್ನಿಗೆ ಬೇರೆಯೇ ಹೆಸರು,
ಯಾರೂ ಅದರ ಬಾಗಿಲು ಮತ್ತೆ ಮತ್ತೆ ತಟ್ಟದ ಹಾಗೆ.

ಶೇಕಡ ಹಿಂದಕ್ಕೆ ಹೋದರೆ ಜನ ಬೈಯುವುದಿಲ್ಲವಾ, ವಿನ್ಸಿ ಕೇಳಿದಳು,
ಅರುವತ್ತೊಂದು ಇದ್ದದ್ದು ಐವತ್ತೆಂಟು?
ಬೈಯಲಿ.

ಬುಧವಾರ ಬೆಳಗಿನ ನಾಲ್ಕಕ್ಕೆ
ಹನ್ನೊಂದು ಸಲ ಬಿದ್ದು, ಹನ್ನೊಂದು ಸಲ ಕೇಳಿ,
ಆಂದ್ರೋತಿನ ಫೈಲು ಬಂತು.
ನಾನು ನೋಡಬಾರದಿತ್ತು. ತೆರೆದು,
ಪರದೆಗೆ ಬೆರಳು ಹಚ್ಚಿ, ಪಕ್ಕೆಲುಬು ಎಣಿಸಿದೆ.
ಎಡಕ್ಕೆ ಹನ್ನೆರಡು.
ಬಲಕ್ಕೆ ಹನ್ನೆರಡು.